ಪಾರ್ಟಿ ಬಂದಿಲ್ಲ: ಕಾಫಿ ಸೀಮೆಯಲ್ಲಿ ಒಂದು ಕ್ರಿಸ್ಮಸ್ ವಾರ

ಡಿಸೆಂಬರ್ 21, ಭಾನುವಾರ, ಹಾಸನ

ಅತ್ತೆಯ ಹೊಸ ಕಾದಂಬರಿಯಲ್ಲಿ ನಾಯಕ ಕ್ರಿಸ್ಮಸ್ ರಾತ್ರಿಯ ಪೂಜೆಗೆ ತಡವಾಗಿ ಬರುತ್ತಾನೆ. ಅಷ್ಟು ಹೊತ್ತಿಗೆ ನಾಯಕಿಯ ಮನಸ್ಸು ಮುರಿದಿರುತ್ತದೆ. ಅವನಿಗೆ ಏಕೆ ತಡವಾಯಿತು ಎಂಬುದು ಮಾತ್ರ ಬರೆಯುವ ಅತ್ತೆಗೇ ಗೊತ್ತಿರಲಿಲ್ಲ. ಅದನ್ನು ಪತ್ತೆ ಮಾಡಲು ಊರೂರು ತಿರುಗಬೇಕು, ತಿರುಗಲು ಕಾರು ಬೇಕು, ಕಾರು ಓಡಿಸಲು ಸೋದರಳಿಯ ಬೇಕು. ಹೀಗಾಗಿ ನಾನು ಬೆಂಗಳೂರಿನಲ್ಲಿ ರಜೆ ಬರೆದುಕೊಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಹಾಸನ ಸೇರಿದೆ.

ಅತ್ತೆ ವಾರಪತ್ರಿಕೆಗಳಿಗೆ ಧಾರಾವಾಹಿ ಬರೆಯುವವರು. ಅವರ ಕೈಬರಹವನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸವಾದ್ದರಿಂದ ಅವರ ನಾಯಕರೆಲ್ಲರ ಗುಣಾವಗುಣ ನನಗೆ ಬಾಯಿಪಾಠ. ಬಸ್ಸು ಕೆಟ್ಟುನಿಂತು ತಡವಾದವನು ಒಬ್ಬ, ತಾಯಿಯ ಹೃದಯಾಘಾತದಿಂದ ತಡವಾದವನು ಇನ್ನೊಬ್ಬ. ಊಟಕ್ಕೆ ಕುಳಿತಾಗ, "ಆನೆ ಅಡ್ಡ ಬಂದಿತು ಎಂದು ಬರೆಯಿರಿ, ಸಕಲೇಶಪುರದ ಕಥೆಯಲ್ಲವೇ" ಎಂದೆ. ಅತ್ತೆ ಸೌಟು ಹಿಡಿದೇ ನನ್ನತ್ತ ತಿರುಗಿದರು. "ಆಲೂರು, ಸಕಲೇಶಪುರದವರಿಗೆ ಆನೆ ಎಂದರೆ ಕಥೆಯಲ್ಲ ಕಣೋ, ತೋಟಕ್ಕೆ ಹೋದವರು ಮನೆಗೆ ಬರುತ್ತಾರೋ ಇಲ್ಲವೋ ಎಂಬ ಹೆದರಿಕೆ. ಅದನ್ನು ತಂದು ನನ್ನ ಹುಡುಗನಿಗೆ ನೆಪ ಮಾಡಿಕೊಡಲೇ?"

ಈ ಕಾದಂಬರಿ ಮುಂದಿನ ವರ್ಷದ ಡಿಸೆಂಬರ್‌ಗೆ. ಓದುಗರ ಕೈಗೆ ಕ್ರಿಸ್ಮಸ್‌ಗೆ ಸಿಗಬೇಕಾದ ಕಥೆಯನ್ನು ಬರೆಯುವವರು ಸೆಕೆಗಾಲದಲ್ಲಿ ಬೆವರುತ್ತಾ ಬರೆಯಬೇಕು. ಅತ್ತೆಯ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಚಾರ್ಲ್ಸ್ ಡಿಕನ್ಸನ ಲೆಕ್ಕವಿದೆ. 1843ರಲ್ಲಿ ಆತ ತನ್ನ ಕ್ರಿಸ್ಮಸ್ ಕಥೆಯನ್ನು ಆರು ವಾರದಲ್ಲಿ ಬರೆದು ಮುಗಿಸಿದ. ಡಿಸೆಂಬರ್ 19ಕ್ಕೆ ಹೊರಬಂದ 6,000 ಪ್ರತಿಗಳು ಕ್ರಿಸ್ಮಸ್ ಹಿಂದಿನ ದಿನದೊಳಗೆ ಖಾಲಿಯಾದವು. ಆದರೂ ಎಣಿಸಿದಷ್ಟು ಲಾಭ ಬರಲಿಲ್ಲ. ಬಣ್ಣದ ಚಿತ್ರ, ಚಿನ್ನದ ಅಂಚು ಎಂದು ಪುಸ್ತಕದ ಅಂದಕ್ಕೇ ದುಡ್ಡು ಸುರಿದಿದ್ದ. "ಸಂಭಾವನೆಯ ವಿಷಯದಲ್ಲಿ ಎಲ್ಲ ಬರಹಗಾರರ ಹಣೆಬರಹವೂ ಒಂದೇ" ಎನ್ನುವುದು ಅತ್ತೆಯ ಷರಾ.

ಕಥೆ ಹುಟ್ಟಿದ್ದು ಎಲ್ಲಿ ಎಂಬುದನ್ನು ಅವರು ಈವರೆಗೆ ಯಾರಿಗೂ ಹೇಳಿರಲಿಲ್ಲ. ಸಂಜೆ ಕಾಫಿಗೆ ಕುಳಿತಾಗ ನನಗೆ ಹೇಳಿದರು.

ಅತ್ತೆ ಅರಸೀಕೆರೆಯ ರೈಲ್ವೆ ನೌಕರನ ಮಗಳು. ಮದುವೆಗೆ ಮುಂಚೆಯೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದರು. ಟ್ರಂಕ್ ಕಾಲ್ ಎಂದರೆ ಈಗಿನ ಹುಡುಗರಿಗೆ ವಿವರಿಸಬೇಕಾಗುತ್ತದೆ. ಬೇರೆ ಊರಿಗೆ ಮಾತನಾಡಬೇಕಾದವರು ಮೊದಲು ಎಕ್ಸ್‌ಚೇಂಜಿಗೆ ಹೇಳಿ ಬುಕ್ ಮಾಡಬೇಕು. ಆಪರೇಟರ್ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಲೈನು ಸಿಕ್ಕಾಗ ಎರಡೂ ಕಡೆಯನ್ನು ಜೋಡಿಸಬೇಕು. ಮೂರು ನಿಮಿಷವಾದ ಕೂಡಲೇ ನಡುವೆ ಬಂದು, ಮುಂದುವರಿಸಬೇಕೇ ಎಂದು ಕೇಳಬೇಕು. ಇಂಥವರೇ ಬೇಕು ಎಂದು ಹೆಸರು ಹೇಳಿ ಬುಕ್ ಮಾಡಿದರೆ ಅದು ಪಿ.ಪಿ. ಕಾಲ್, ಅದಕ್ಕೆ ಹೆಚ್ಚಿನ ದರ. ಆ ವ್ಯಕ್ತಿ ಸಿಗದಿದ್ದರೆ ಆಪರೇಟರ್ ಹೇಳಬೇಕಾದ ಮಾತು: "ಪಾರ್ಟಿ ಬಂದಿಲ್ಲ."

ರಾತ್ರಿ ಪಾಳಿಯಲ್ಲಿ ಕರೆ ಕಡಿಮೆ. ರದ್ದಾದ ಚೀಟಿಗಳ ಬೆನ್ನ ಮೇಲೆ ಅತ್ತೆ ಕಥೆ ಬರೆಯಲು ಆರಂಭಿಸಿದ್ದು ಆಗಲೇ. ಅವರ ವಾಕ್ಯಗಳು ಇಂದಿಗೂ ಗಿಡ್ಡವಾಗಿರುವುದಕ್ಕೆ ಆ ಚೀಟಿಯ ಅಗಲವೇ ಕಾರಣ ಎಂದು ನನ್ನ ಅನುಮಾನ.

1984ರ ಡಿಸೆಂಬರ್ 24ರ ರಾತ್ರಿ ಹಾಸನದ ಒಂದು ನಂಬರಿನಿಂದ ಒಬ್ಬ ಹೆಣ್ಣುಮಗಳು ಸಕಲೇಶಪುರದ ಆಚೆಯ ಕಾಫಿ ಎಸ್ಟೇಟಿಗೆ ಪಿ.ಪಿ. ಕಾಲ್ ಬುಕ್ ಮಾಡಿದಳು. ಬೇಕಾಗಿದ್ದವನು ಎಸ್ಟೇಟಿನ ರೈಟರ್, ಅಂದರೆ ಆಳುಗಳ ಹಾಜರಿ, ತೂಕ, ಬಟವಾಡೆ ನೋಡಿಕೊಳ್ಳುವ ಗುಮಾಸ್ತ. ಬಂಗಲೆಯಲ್ಲಿ ಫೋನ್ ಎತ್ತಿದವರು, "ಅವರು ಬಂದಿಲ್ಲ" ಎಂದರು. ಅವಳು ಮತ್ತೆ ಬುಕ್ ಮಾಡಿದಳು. ಮತ್ತೆ ಅದೇ ಉತ್ತರ. ಹನ್ನೊಂದೂವರೆಯವರೆಗೆ ಅವಳು ಬುಕ್ ಮಾಡುತ್ತಲೇ ಇದ್ದಳು, ಅತ್ತೆ "ಪಾರ್ಟಿ ಬಂದಿಲ್ಲ" ಎನ್ನುತ್ತಲೇ ಇದ್ದರು. ಕೊನೆಗೆ ಅವಳೇ, "ಸಾಕು ಮೇಡಂ, ಕ್ಯಾನ್ಸಲ್ ಮಾಡಿ. ಪೂಜೆಗೆ ಹೊತ್ತಾಯಿತು" ಎಂದಳು.

"ಅವನು ಏಕೆ ಬರಲಿಲ್ಲ?" ಎಂದು ಕೇಳಿದೆ.

"ಗೊತ್ತಿದ್ದರೆ ನಲವತ್ತು ವರ್ಷ ಸುಮ್ಮನಿರುತ್ತಿದ್ದೆನೇ? ಎಂದೋ ಬರೆದು ಮುಗಿಸುತ್ತಿದ್ದೆ."

ಆ ಎಸ್ಟೇಟಿಗೇ ಹೋಗಿ ವಿಚಾರಿಸೋಣ ಎಂದೆ. ಅತ್ತೆ ಒಪ್ಪಲಿಲ್ಲ. ಬೋರ್ಡಿನ ಮುಂದೆ ಕೇಳಿಸಿಕೊಂಡದ್ದನ್ನು ಹೊರಗೆ ಹೇಳಬಾರದು ಎಂಬ ನಿಯಮ ನಿವೃತ್ತಿಯಾದರೂ ತಮಗೆ ಅನ್ವಯಿಸುತ್ತದೆ ಎಂದರು. ಹೆಸರನ್ನು ನನಗೂ ಹೇಳಲಿಲ್ಲ. ಬೇಕಾಗಿದ್ದುದು ಆ ವ್ಯಕ್ತಿಯಲ್ಲ, ಅಂಥ ಕೆಲಸದಲ್ಲಿರುವವನು ಅಂಥ ರಾತ್ರಿ ಎಲ್ಲಿರುತ್ತಾನೆ ಎಂಬುದು.

ಡಿಸೆಂಬರ್ 22, ಸೋಮವಾರ, ಶೆಟ್ಟಿಹಳ್ಳಿ

ನಾಯಕಿಗೆ ಒಂದು ಊರು ಬೇಕಲ್ಲ. ಅತ್ತೆ ಅವಳನ್ನು ಊರೇ ಇಲ್ಲದವಳನ್ನಾಗಿ ಮಾಡಿದ್ದಾರೆ.

ಹಾಸನದಿಂದ ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿ. ಹೇಮಾವತಿ ಹಿನ್ನೀರಿನ ದಂಡೆಯಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ನಿಂತಿದೆ. ಛಾವಣಿ ಇಲ್ಲ, ಕಮಾನುಗಳಿವೆ. ನೀರು ಇನ್ನೂ ಗೋಡೆಯ ಬುಡವನ್ನು ಬಿಟ್ಟಿರಲಿಲ್ಲ. ಹಿಂದೆ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಂತೆ, ಅದಕ್ಕೇ ಇಷ್ಟು ವರ್ಷ ನೀರಿನಲ್ಲಿ ಮುಳುಗೆದ್ದರೂ ಗೋಡೆಗಳು ನಿಂತಿವೆ ಎಂದು ತೆಪ್ಪದವನು ಹೇಳಿದ. ಕಟ್ಟಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಎಂದೂ ಸೇರಿಸಿದ.

ಇಂಥ ಮಾತಿಗೆ ಅತ್ತೆ ಸುಮ್ಮನಿರುವವರಲ್ಲ. ದುಬಾಯ್ ಈ ಸೀಮೆಯಲ್ಲಿ ಇದ್ದದ್ದು ನಿಜ. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆ ಕಟ್ಟಿದ್ದು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದ್ದು ಎಲ್ಲವೂ ನಿಜ. ಆದರೆ ಅವರು 1823ರಲ್ಲೇ ಫ್ರಾನ್ಸಿಗೆ ಮರಳಿ, 1848ರಲ್ಲಿ ತೀರಿಕೊಂಡರು. ಈ ಚರ್ಚು ಕಟ್ಟಿದ್ದು 1860ರ ಸುಮಾರಿಗೆ, ಬೇರೆ ಫ್ರೆಂಚ್ ಪಾದ್ರಿಗಳು. ತೆಪ್ಪದವನು ಇದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಮುಂದಿನ ಗಿರಾಕಿಗಳಿಗೆ ಮತ್ತೆ ದುಬಾಯ್ ಹೆಸರನ್ನೇ ಹೇಳಿದ. ಪ್ರವಾಸಿ ತಾಣಗಳಲ್ಲಿ ಇತಿಹಾಸಕ್ಕಿಂತ ಒಂದು ದೊಡ್ಡ ಹೆಸರು ಸಲೀಸು.

ಆ ಮುಂದಿನ ಗಿರಾಕಿಗಳು ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದ ಜೋಡಿ. ಹುಡುಗಿಯ ಕೆಂಪು ನಿಲುವಂಗಿಯ ಬಾಲವನ್ನು ಸಹಾಯಕನೊಬ್ಬ ಗಾಳಿಗೆ ಎಸೆಯುತ್ತಿದ್ದ, ಅದು ಪ್ರತಿ ಸಲ ಕೆಸರಿಗೆ ಬೀಳುತ್ತಿತ್ತು. ನನಗೆ ರೇಗಿತು. ಅತ್ತೆಗೆ ರೇಗಲಿಲ್ಲ. "ಇಲ್ಲಿ ನೂರಾರು ಮದುವೆ ಆಗಿವೆ. ಈಗಲೂ ಮದುವೆಯ ಹೆಸರಿನಲ್ಲಿ ಜನ ಬರುತ್ತಾರೆ ಎಂದರೆ ಒಳ್ಳೆಯದೇ ಅಲ್ಲವೇ" ಎಂದರು. ಪ್ರೇಮಕಥೆ ಬರೆಯುವವರು ಪ್ರೇಮಿಗಳ ಮೇಲೆ ಸಿಡುಕುವುದು ವೃತ್ತಿಧರ್ಮವಲ್ಲ ಎಂದು ಕಾಣುತ್ತದೆ.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಗರಿಷ್ಠ ಮಟ್ಟ 2,922 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಹಾಸನದವರು ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದ ತಕ್ಷಣ ನೋಡುವ ಅಂಕಿಗಳಿವು. ಆ ಮಟ್ಟದ ಕೆಳಗೆ ಸಿಕ್ಕಿದ ಊರುಗಳಲ್ಲಿ ಶೆಟ್ಟಿಹಳ್ಳಿಯೂ ಒಂದು. ಇಲ್ಲಿನ ಜನ ಮರಿಯಾನಗರ, ಜೋಸೆಫ್‌ನಗರದಂಥ ಹೊಸ ಊರುಗಳಿಗೆ ಹೋದರು. ಅತ್ತೆಯ ಕಥೆ 1984ರದ್ದು. ಅಂದರೆ ನಾಯಕಿಯ ಮನೆಯವರು ಬೇರೆಡೆ ಬೇರೂರಲು ಶುರುಮಾಡಿ ಐದೇ ವರ್ಷ. ಅವಳ ಅಜ್ಜಿಯ ಮದುವೆಯಾದದ್ದು ನಾವು ತೆಪ್ಪದಲ್ಲಿ ಸುತ್ತು ಹಾಕಿದ ಆ ಕಮಾನಿನ ಕೆಳಗೆ.

ಮಧ್ಯಾಹ್ನ ಹೀಗೆ ಎದ್ದು ಹೋದ ಕುಟುಂಬವೊಂದರ ಮನೆಗೆ ಹೋದೆವು. ಅಂಗಳದಲ್ಲಿ ಮಕ್ಕಳು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಿದ್ದರು. ಹುಲ್ಲು, ರಾಗಿಯ ಪೈರು, ಮಣ್ಣಿನ ಕುರಿ, ಕುರುಬರು ಎಲ್ಲ ಇದ್ದರು. ತೊಟ್ಟಿಲು ಮಾತ್ರ ಖಾಲಿ. ಬಾಲಯೇಸುವನ್ನು ಅದರಲ್ಲಿ ಮಲಗಿಸುವುದು 24ರ ರಾತ್ರಿಯೇ. ಒಲೆಯ ಮೇಲೆ ಕಜ್ಜಾಯ ಬೇಯುತ್ತಿತ್ತು.

ಆ ಮನೆಯ ಹಿರಿಯಾಕೆ ಅತ್ತೆಯ ಕಥೆಯನ್ನು ಕೇಳಿ ಅಲ್ಲಲ್ಲಿ ತಡೆದರು. ಕ್ರಿಸ್ಮಸ್ ಹಿಂದಿನ ವಾರ ನಾಯಕಿಯ ಅಕ್ಕನ ಮದುವೆ ಇಟ್ಟಿದ್ದೀರಲ್ಲ, ಅದು ಆಗದು ಎಂದರು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ತಮ್ಮ ಕಡೆ ಮದುವೆ ಇಟ್ಟುಕೊಳ್ಳುವ ರೂಢಿಯಿಲ್ಲ. ಪಾದ್ರಿಗಳ ಉಡುಪೂ ಆಗ ನೇರಳೆ ಬಣ್ಣದ್ದು. ಮದುವೆಯೇನಿದ್ದರೂ ಹಬ್ಬ ಕಳೆದ ಮೇಲೆ, ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸು ಕಾಲ ಬರುವುದರೊಳಗೆ. ಅದಕ್ಕೂ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಹುಡುಗ, ಹುಡುಗಿಯ ಹೆಸರು ಓದಬೇಕು, ಯಾರದಾದರೂ ತಕರಾರಿದ್ದರೆ ತಿಳಿಸಬಹುದು.

"ಯಾರಾದರೂ ತಿಳಿಸುತ್ತಾರೆಯೇ?" ಎಂದು ಅತ್ತೆ ಆಸೆಯಿಂದ ಕೇಳಿದರು.

"ತಿಳಿಸುವುದಿಲ್ಲ. ಆದರೆ ಮೂರು ಭಾನುವಾರವೂ ಹುಡುಗಿಯ ಎದೆ ಹೊಡೆದುಕೊಳ್ಳುತ್ತದೆ."

ಅತ್ತೆ ಪೆನ್ನು ತೆಗೆದು ಆ ಮಾತನ್ನು ಇದ್ದಂತೆಯೇ ಬರೆದುಕೊಂಡರು. ವಾಪಸು ಬರುವಾಗ ಅಕ್ಕನ ಮದುವೆಯ ಅಧ್ಯಾಯವನ್ನು ಹೊಡೆದುಹಾಕಿದರು. ಅದನ್ನು ಟೈಪ್ ಮಾಡಿದ್ದ ನನ್ನ ಬೆರಳುಗಳ ಬಗ್ಗೆ ಒಂದು ಮಾತೂ ಬರಲಿಲ್ಲ.

ಡಿಸೆಂಬರ್ 23, ಮಂಗಳವಾರ, ಸಕಲೇಶಪುರ

ಆಲೂರು ದಾಟಿ ಸಕಲೇಶಪುರದ ಹೇಮಾವತಿ ಸೇತುವೆಯ ಮೇಲೆ ಬರುವಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಮಂಜರಾಬಾದ್ ಕೋಟೆ ಇನ್ನು ಕೆಲವೇ ಕಿಲೋಮೀಟರ್, ನೋಡಿಕೊಂಡು ಬರೋಣ ಎಂದೆ. "1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ. ಗೊತ್ತು. ನನ್ನ ಕಥೆಯಲ್ಲಿ ಅದಕ್ಕೆ ಕೆಲಸವಿಲ್ಲ" ಎಂದರು.

ಪರಿಚಯದವರ ಮೂಲಕ ಒಂದು ತೋಟಕ್ಕೆ ಹೋದೆವು. ನಮಗೆ ತೋಟ ತೋರಿಸಿದವರು ರೈಟರ್ ಆಗಿ ನಿವೃತ್ತರಾದ ಕೊಂಕಣಿ ಮನೆಮಾತಿನ ಹಿರಿಯರು. ಬಾಲ್ಯದಲ್ಲೇ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ನನ್ನನ್ನು ಡ್ರೈವರ್ ಎಂದುಕೊಂಡು ಹೊರಗೇ ಚಹಾ ಕೊಡಿಸಿದರು. ಅತ್ತೆ ತಿದ್ದಲಿಲ್ಲ.

ಪತ್ರಿಕೆಯ ಸಂಪಾದಕರು ಮುಖಪುಟಕ್ಕೆ ಅರಳಿದ ಕಾಫಿ ಹೂವು, ಅದರ ನಡುವೆ ಹಿಮ ಬಿದ್ದ ಕ್ರಿಸ್ಮಸ್ ಮರ ಬರೆಸಬೇಕೆಂದಿದ್ದಾರೆ. ಹಿಮದ ಮಾತಿರಲಿ, ಡಿಸೆಂಬರ್‌ನಲ್ಲಿ ಕಾಫಿ ಹೂವೂ ಇಲ್ಲ. ಹೂಮಳೆ ಬಿದ್ದು ತೋಟ ಬೆಳ್ಳಗಾಗುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಕ್ರಿಸ್ಮಸ್ ಎಂದರೆ ಅರೇಬಿಕಾ ಹಣ್ಣಿನ ಕೊಯ್ಲು. ಬೆನ್ನು ನೆಟ್ಟಗಾಗದಷ್ಟು ಕೆಲಸದ ಕಾಲ. ನಾವು ಹೋದಾಗ ಗಿಡಗಳ ನಡುವೆ ಕೊಯ್ಯುವವರ ತಲೆಗಳಷ್ಟೇ ಕಾಣುತ್ತಿದ್ದವು. ಮಾತು ಕೇಳಿಸುತ್ತಿತ್ತು, ಅದರಲ್ಲಿ ಅಸ್ಸಾಮಿನ ಭಾಷೆಯೂ ಇತ್ತು.

ಹಿರಿಯರು 1984ರ ತಮ್ಮ ದಿನಚರಿ ಹೇಳಿದರು. ಬೆಳಗ್ಗೆ ಚೆಕ್‌ರೋಲಿನಲ್ಲಿ ಹಾಜರಿ. ಹಗಲಿಡೀ ಕೊಯ್ಲಿನ ಸಾಲುಗಳ ಮೇಲೆ ಕಣ್ಣು. ಕಾಯಿ ಬೆರೆಸಿದರೆ ಗದರಬೇಕು, ಕೆಂಪು ಹಣ್ಣೇ ಬೇಕು. ಸಂಜೆ ಪ್ರತಿಯೊಬ್ಬರ ಚೀಲ ತೂಗಿ ಬರೆದುಕೊಳ್ಳಬೇಕು. ಇಷ್ಟಾದ ಮೇಲೆ ನಿಜವಾದ ಕೆಲಸ. ಅಂದು ಕೊಯ್ದ ಹಣ್ಣನ್ನು ಅಂದೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಬೇಕು. ಒಂದು ರಾತ್ರಿ ರಾಶಿಯಲ್ಲಿ ಬಿಟ್ಟರೆ ಹಣ್ಣು ಬಿಸಿಯೇರಿ ಹುಳಿಯುತ್ತದೆ, ಕಾಫಿಯ ರುಚಿಯೇ ಕೆಡುತ್ತದೆ. ಸಿಪ್ಪೆ ಬಿಟ್ಟ ಬೀಜಕ್ಕೆ ಲೋಳೆ ಅಂಟಿರುತ್ತದೆ. ಅದನ್ನು ತೊಟ್ಟಿಯಲ್ಲಿ ಹುದುಗಲು ಬಿಟ್ಟು, ಹಿಂದಿನ ದಿನದ ತೊಟ್ಟಿಯನ್ನು ತೊಳೆಯಬೇಕು. ತೊಳೆದದ್ದನ್ನು ಮರುದಿನ ಕಣದಲ್ಲಿ ಹರಡಬೇಕು. ರಾತ್ರಿ ಇಬ್ಬನಿ ತಾಗದಂತೆ ಮುಚ್ಚಬೇಕು. ಆಕಾಶದಲ್ಲಿ ಮೋಡ ಕಂಡರೆ ಊಟ ಬಿಟ್ಟು ಓಡಬೇಕು.

"ಡಿಸೆಂಬರ್ 24ಕ್ಕೂ ಇದೇ ಕೆಲಸವೇ?" ಎಂದರು ಅತ್ತೆ.

"ಹಣ್ಣಿಗೆ ಹಬ್ಬ ಗೊತ್ತಿಲ್ಲವಲ್ಲಮ್ಮ. ಮರುದಿನ ರಜೆ ಎಂದರೆ ಅಂದು ಕೊಯ್ದದ್ದನ್ನೆಲ್ಲ ಮುಗಿಸಲೇಬೇಕು. ಜೊತೆಗೆ ಹಬ್ಬದ ಬಟವಾಡೆ."

ಹಳೆಯ ಪಲ್ಪರ್ ಮನೆ ನೋಡಲು ಇಳಿಜಾರಿನಲ್ಲಿ ಇಳಿದೆವು. ಅತ್ತೆ ನನ್ನ ತೋಳು ಹಿಡಿದಿದ್ದರು. ಎಷ್ಟು ಇಳಿದರೂ ದಾರಿ ಮುಗಿಯದು. ಹಣ್ಣು ತೊಳೆಯಲು ನೀರು ಬೇಕಾದ್ದರಿಂದ ಪಲ್ಪರ್ ಮನೆಯನ್ನು ಹಳ್ಳದ ಹತ್ತಿರ ಕಟ್ಟಿದ್ದಾರೆ. ದಣಿಗಳಿಗೆ ನೋಟ, ಗಾಳಿ ಬೇಕಾದ್ದರಿಂದ ಬಂಗಲೆ ಗುಡ್ಡದ ನೆತ್ತಿಯಲ್ಲಿದೆ. ಫೋನು ಇದ್ದದ್ದು ಬಂಗಲೆಯಲ್ಲಿ. ಕೆಳಗೆ ಡೀಸೆಲ್ ಎಂಜಿನ್ ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುತ್ತಿರಲಿಲ್ಲ ಎಂದರು ಹಿರಿಯರು.

ಅತ್ತೆ ನಿಂತುಬಿಟ್ಟರು. "ರಾತ್ರಿ ಹತ್ತು ಗಂಟೆಗೆ ಬಂಗಲೆಗೆ ರೈಟರ್ ಹೆಸರಿಗೆ ಒಂದು ಕಾಲ್ ಬಂದರೆ?"

"ಯಾರು ಇಳಿದು ಬಂದು ಕರೆಯುತ್ತಾರೆ? ಅದೂ ಕತ್ತಲೆಯಲ್ಲಿ. ಅಡುಗೆಯವನು 'ಬಂದಿಲ್ಲ' ಎಂದು ಹೇಳಿ ಇಟ್ಟುಬಿಡುತ್ತಾನೆ. ಬೆಳಗ್ಗೆ ನೆನಪಾದರೆ ಹೇಳುತ್ತಾನೆ."

ಅತ್ತೆ ಮಾತನಾಡಲಿಲ್ಲ. ಆ ರಾತ್ರಿ ಅವನು ಅವಳನ್ನು ಮರೆತಿರಲಿಲ್ಲ, ಬೇರೆಯವಳ ಜೊತೆಯೂ ಇರಲಿಲ್ಲ, ಕುಡಿದು ಬಿದ್ದಿರಲಿಲ್ಲ. ಇಲ್ಲಿ, ಈ ತೊಟ್ಟಿಯ ಪಕ್ಕದಲ್ಲಿ, ಮೊಣಕಾಲುದ್ದ ಒದ್ದೆಯಾಗಿ, ಅವಳನ್ನು ನೋಡಲು ಬೇಗ ಹೊರಡಬೇಕೆಂದೇ ಅವಸರ ಮಾಡುತ್ತಾ ನಿಂತಿದ್ದಿರಬಹುದು. ಅತ್ತೆ ಈವರೆಗೆ ಬರೆದ ಕಾರಣಗಳೆಲ್ಲ ಇದರ ಮುಂದೆ ನಾಟಕದ ಪರದೆಗಳು. ಅವರಿಗೂ ಹಾಗೆಯೇ ಅನ್ನಿಸಿರಬೇಕು. ಮೇಲೆ ಹತ್ತುವಾಗ ಮೂರು ಬಾರಿ ನಿಂತರು, ಮೂರು ಬಾರಿಯೂ ದಣಿವಿಗಲ್ಲ, ಬರೆದುಕೊಳ್ಳಲು.

ಊಟದ ಹೊತ್ತಿಗೆ ಅವರು ಮತ್ತೆ ವ್ಯವಹಾರಕ್ಕೆ ಇಳಿದಿದ್ದರು. ಆಗ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು, ಬೆಳೆಗಾರರಿಗೆ ಹಣ ಕಂತುಕಂತಾಗಿ ಬರುತ್ತಿತ್ತು ಎಂದು ಹಿರಿಯರು ಹೇಳಿದಾಗ, "ನನಗೆ ಧಾರಾವಾಹಿಯ ದುಡ್ಡು ಬರುವ ಹಾಗೆ" ಎಂದು ನಕ್ಕರು.

ಇನ್ನೊಂದು ಸಂಗತಿಯನ್ನು ಅವರು ಕಾರಿನಲ್ಲಿ ಕುಳಿತ ಮೇಲೆ ಹೇಳಿದರು. ಆ ಕಾಲದಲ್ಲಿ ಲೋಳೆ ತೊಳೆದ ನೀರು ನೇರ ಹಳ್ಳಕ್ಕೆ ಹೋಗುತ್ತಿತ್ತಂತೆ. ಹಳ್ಳ ಹೇಮಾವತಿಗೆ. ಹೇಮಾವತಿ ಗೊರೂರಿನ ಹಿನ್ನೀರಿಗೆ. ಅಂದರೆ ಅವನು ತೊಳೆದ ನೀರು ಅವಳ ಅಜ್ಜಿ ಮದುವೆಯಾದ ಕಮಾನಿನ ಸುತ್ತ ನಿಲ್ಲುತ್ತಿತ್ತು. "ಬರೆಯಿರಿ ಅತ್ತೆ, ಚೆನ್ನಾಗಿದೆ" ಎಂದೆ. "ಆ ನೀರು ಎಷ್ಟು ನಾರುತ್ತಿತ್ತು ಎಂದು ಅವರು ಹೇಳಿದ್ದು ನೀನು ಕೇಳಿಸಿಕೊಳ್ಳಲಿಲ್ಲವೇ? ಚಂದ ಕಂಡದ್ದನ್ನು ಮಾತ್ರ ಬರೆದರೆ ಸುಳ್ಳಾಗುತ್ತದೆ, ನಾತವನ್ನೂ ಬರೆದರೆ ಸಂಪಾದಕರು ಕತ್ತರಿಸುತ್ತಾರೆ" ಎಂದರು. ಆದರೂ ಬರೆಯುತ್ತಾರೆ, ನನಗೆ ಗೊತ್ತು.

ಡಿಸೆಂಬರ್ 24, ಬುಧವಾರ, ಚಿಕ್ಕಮಗಳೂರು

ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ನೆನಪಿಗೆ ಒಂದು ಚಹಾ ಕುಡಿದು ಚಿಕ್ಕಮಗಳೂರು ಸೇರಿದೆವು. ಟೌನ್ ಕ್ಯಾಂಟೀನಿನಲ್ಲಿ ಬೆಣ್ಣೆ ಮಸಾಲೆ ದೋಸೆಗೆ ಕಾಯಬೇಕಾಯಿತು, ಕಾದದ್ದಕ್ಕೆ ಮೋಸವಾಗಲಿಲ್ಲ.

ಉಳಿದುಕೊಂಡದ್ದು ಅತ್ತೆಯ ಹಳೆಯ ಸಹೋದ್ಯೋಗಿಯ ಮನೆಯಲ್ಲಿ. ಒಂದೇ ಬೋರ್ಡಿನ ಮುಂದೆ ವರ್ಷಗಟ್ಟಲೆ ಕುಳಿತ ಇಬ್ಬರೂ ಈಗಲೂ ಎದುರುಬದುರು ಕುಳಿತು ಫೋನಿನಲ್ಲಿ ಮಾತನಾಡುವಂತೆ ಸ್ಪಷ್ಟವಾಗಿ, ಗಟ್ಟಿಯಾಗಿ ಮಾತನಾಡುತ್ತಾರೆ. ಮೇಜಿನ ಮೇಲೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ: ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ. ನಾನು ಕಿಡಿಯೊ ಬಳಿ ಬೀಡುಬಿಟ್ಟೆ.

ಆಕೆ ಚರ್ಚಿನ ಗಾಯನ ವೃಂದದಲ್ಲಿ ಹಾಡಿದವರು. ಅತ್ತೆಯ ಕಥೆಯಲ್ಲಿ ನಾಯಕಿ ಪೂಜೆಯುದ್ದಕ್ಕೂ ಬಾಗಿಲ ಕಡೆ ನೋಡುತ್ತಿರುತ್ತಾಳೆ ಎಂದು ಕೇಳಿ ತಲೆಯಾಡಿಸಿದರು. "ಅವಳು ಹಾಡುವವಳು ಎಂದಿದ್ದೀಯಲ್ಲ. ಹಳೆಯ ಚರ್ಚುಗಳಲ್ಲಿ ಹಾಡುವವರಿಗೆ ಹಿಂದುಗಡೆ ಬಾಗಿಲ ಮೇಲೆ ಅಟ್ಟವಿರುತ್ತದೆ. ಮುಖ ಪೀಠದ ಕಡೆ. ಬಾಗಿಲಿನಿಂದ ಯಾರು ಬಂದರು ಎಂಬುದು ಅವಳಿಗೆ ಕಾಣುವುದೇ ಇಲ್ಲ." ಇನ್ನೂ ಒಂದು ಮಾತು. ಆಗಮನ ಕಾಲದ ಭಾನುವಾರಗಳಲ್ಲಿ ದೇವರನ್ನು ಸ್ತುತಿಸುವ ಮಹಿಮಾಗೀತೆ (ಗ್ಲೋರಿಯಾ) ಹಾಡುವುದಿಲ್ಲ. ಅದು ಮತ್ತೆ ಕೇಳಿಸುವುದು ಈ ರಾತ್ರಿ, ಗಂಟೆಗಳ ಜೊತೆ. ಹಾಡುವವರಿಗೆ ವರ್ಷದ ದೊಡ್ಡ ಪರೀಕ್ಷೆ ಅದು. ಆ ಹೊತ್ತಿನಲ್ಲಿ ಪ್ರಿಯಕರನನ್ನು ನೆನೆಯುತ್ತಾ ಕುಳಿತರೆ ಶ್ರುತಿ ತಪ್ಪುತ್ತದೆ.

ರಾತ್ರಿ ಸಂತ ಜೋಸೆಫರ ಪ್ರಧಾನಾಲಯಕ್ಕೆ ಹೋದೆವು. ಚಿಕ್ಕಮಗಳೂರು ಧರ್ಮಕ್ಷೇತ್ರ 1963ರಲ್ಲಿ ಸ್ಥಾಪನೆಯಾದದ್ದು, ಹಾಸನವೂ ಅದರ ವ್ಯಾಪ್ತಿಗೇ ಸೇರುತ್ತದೆ. ಚಳಿಗೆ ಜನ ಶಾಲು, ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಮಹಿಮಾಗೀತೆಗೆ ಗಂಟೆಗಳು ಶುರುವಾದಾಗ ಎಳೆಯ ಮಕ್ಕಳು ಬೆಚ್ಚಿ ಎದ್ದು ಅತ್ತವು. ಅತ್ತೆ ಪೀಠದ ಕಡೆ ನೋಡಲಿಲ್ಲ. ತಡವಾಗಿ ಬಂದು ಬಾಗಿಲ ಬಳಿ ನಿಂತವರನ್ನು ನೋಡುತ್ತಿದ್ದರು. ಬಹಳ ಮಂದಿ ಇದ್ದರು. ಹೋಟೆಲ್ ಸಮವಸ್ತ್ರದಲ್ಲಿದ್ದ ಹುಡುಗ, ಮಗುವನ್ನು ಹೆಗಲಿಗೆ ಹಾಕಿಕೊಂಡ ತಂದೆ, ಬಿಳಿಯ ಕೋಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ ನರ್ಸ್. ಪ್ರತಿಯೊಬ್ಬರಿಗೂ ತಡವಾಗಲು ಒಂದು ಕೆಲಸವಿತ್ತು.

ಡಿಸೆಂಬರ್ 25, ಗುರುವಾರ

ಬೆಳಗ್ಗೆ ಏಳುವಷ್ಟರಲ್ಲಿ ಅತ್ತೆ ಕಥೆಯ ಕೊನೆಯನ್ನು ಬದಲಿಸಿದ್ದರು. ಅವನು ಬರುತ್ತಾನೆ, ಅಟ್ಟದ ಕೆಳಗೆ ನಿಲ್ಲುತ್ತಾನೆ. ಅವಳಿಗೆ ಕಾಣುವುದಿಲ್ಲ. ಅವಳು ಹಾಡುತ್ತಾಳೆ, ಚೆನ್ನಾಗಿಯೇ ಹಾಡುತ್ತಾಳೆ. ಕೆಳಗಿಳಿದು ಬರುವಷ್ಟರಲ್ಲಿ ಜನ ನೂಕುತ್ತಾರೆ, ಇಬ್ಬರಿಗೂ ಭೇಟಿಯಾಗುವುದಿಲ್ಲ. ಅಡುಗೆಯವನಿಗೆ ಕಾಲ್ ಬಂದದ್ದು ನೆನಪಾಗುವುದು ಮರುದಿನ ಮಧ್ಯಾಹ್ನ.

ತಿಂಡಿಯ ಹೊತ್ತಿಗೆ ಹಬ್ಬದ ಶುಭಾಶಯ ಹೇಳಲು ಸಂಪಾದಕರು ಫೋನ್ ಮಾಡಿದರು. ಅತ್ತೆ ಸ್ಪೀಕರ್ ಹಾಕಿದರು. ಕ್ರಿಸ್ಮಸ್ ಸಂಚಿಕೆಯಲ್ಲೇ ಮದುವೆಯೂ ಆಗಿಬಿಡಲಿ, ಓದುಗರಿಗೆ ಸಂತೋಷವಾಗುತ್ತದೆ ಎಂದು ಅವರು ಕೇಳಿದರು.

"ಆಗುವುದಿಲ್ಲ ಸರ್. ಹಬ್ಬದ ದಿನ ಅವರಿಬ್ಬರೂ ಮಾತೇ ಆಡಿಲ್ಲ. ಒಂದು ಕಂತು ಮುನಿಸಿಗೆ, ಒಂದು ಕಂತು ಅವನು ಹಾಸನಕ್ಕೆ ಬಂದು ವಿವರಿಸುವುದಕ್ಕೆ. ಆಮೇಲೆ ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದಬೇಕು. ಅದು ನಿಯಮ, ನಾನು ಮುರಿಯುವಂತಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಹಾಗಾದರೆ ಇನ್ನೂ ಐದು ಕಂತು ಆಗುತ್ತದಲ್ಲ ಮೇಡಂ?"

"ಆರು. ಮದುವೆಗೆ ಒಂದು ಬೇಡವೇ?" ಎಂದರು ಅತ್ತೆ. ನನ್ನ ಕಡೆ ತಿರುಗಿ, ಪಂಚಾಂಗ ತೆಗೆದು ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ಮುಂದಿನ ವರ್ಷ ಯಾವತ್ತು ಬರುತ್ತದೆ ನೋಡು ಎಂದು ಸನ್ನೆ ಮಾಡಿದರು.